ಬೊಬ್ರುವಾಡದ ಚೀಟಿ

ಚಿತ್ತಾಕುಲ, ಕಾರವಾರ
೨೪ ಮೇ ೨೦೦೬, ಬುಧವಾರ

ಪ್ರೀತಿಯ ಮನು,

ಹೇಗಿದ್ದೀಯೇ ಮಾರಾಯ್ತಿ? ಗಂಟಲು ಹೇಗಿದೆ? ರತ್ನಾಗಿರಿಯ ನೀರು ನಿನಗಿನ್ನೂ ಒಗ್ಗಿಲ್ಲ, ಬೆಳಿಗ್ಗೆ ಎದ್ದರೆ ದನಿ ಒಡೆದಿರುತ್ತದೆ ಎಂದು ಮಾವಶಿ ಫೋನಿನಲ್ಲಿ ಹೇಳಿದಳು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ಹಾಡುವುದೇ ಬಿಟ್ಟ ಮೇಲೆ ಗಂಟಲಿನ ಉಪಚಾರ ಯಾಕೆ ಅಂತ ನೀನು ಮೂತಿ ತಿರುವಿದ್ದು ನನಗೆ ಇಲ್ಲಿಂದಲೇ ಕಾಣುತ್ತದೆ. ಬಾಲವಾಡಿಯ ಮಕ್ಕಳನ್ನು ಗದರಿಸುವುದಕ್ಕಾದರೂ ದನಿ ಬೇಕಲ್ಲ. ಮಾವಶಿಯ ಮೊಣಕಾಲು ನೋವು ಕಡಿಮೆಯಾಯಿತೇ? ಆಯಿ ತನ್ನ ಅಕ್ಕನಿಗೆಂದು ಕೊಟ್ಟು ಕಳಿಸಿದ ಎಣ್ಣೆ ಹಚ್ಚುತ್ತಾಳೋ ಇಲ್ಲ ಕಪಾಟಿನಲ್ಲಿ ಚಂದಕ್ಕೆ ಇಟ್ಟಿದ್ದಾಳೋ ನೋಡಿ ಹೇಳು. ಇಲ್ಲಿ ಆಯಿ, ಬಾಬಾ ಆರೋಗ್ಯವಾಗಿದ್ದಾರೆ. ಬಾಬಾ ಬ್ಯಾಂಕಿಗೆ ಹೋಗುತ್ತಾರೆ, ಬರುತ್ತಾರೆ, ಪೇಪರಿನ ಹಿಂದೆ ಕೂತುಕೊಳ್ಳುತ್ತಾರೆ. ಆಯಿ ನಿನ್ನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಆದರೆ ಮೊನ್ನೆ ಮೀನಿನ ಸಾರು ಮಾಡಿದಾಗ ತಲೆಯ ತುಂಡನ್ನು ತೆಗೆದು ಬೇರೆ ಇಟ್ಟಳು. ಅದನ್ನು ತಿನ್ನುವವಳು ಮನೆಯಲ್ಲಿಲ್ಲ ಅನ್ನುವುದು ಆಮೇಲೆ ನೆನಪಾಗಿ ನನ್ನ ತಟ್ಟೆಗೆ ಹಾಕಿದಳು.

ನಿನ್ನ ಕಾರ್ಡು ಸೋಮವಾರ ಬಂತು. ಪೋಸ್ಟಿನವನು ಸೇತುವೆಯ ಹತ್ತಿರವೇ ಸಿಕ್ಕಿದ್ದರಿಂದ ಅಲ್ಲೇ ಇಸಿದುಕೊಂಡೆ, ಮನೆಯಲ್ಲಿ ಯಾರೂ ನೋಡಿಲ್ಲ. ಮನೆಯಲ್ಲಿ ಆಡುವುದು ಕೊಂಕಣಿಯಾದರೂ ನಾವು ಅಣ್ಣ-ತಂಗಿ ಕಾಗದ ಹಿಡಿದರೆ ಕೈ ತಾನಾಗಿ ಶಾಲೆಯ ಕನ್ನಡಕ್ಕೆ ಹೋಗುತ್ತದೆ ನೋಡು. ಮಾಸ್ತರರ ಪೆಟ್ಟು ಸುಮ್ಮನೆ ಹೋಗಿಲ್ಲ. ಕಾರ್ಡಿನಲ್ಲಿ ನೀನು ಎರಡೇ ಪ್ರಶ್ನೆ ಕೇಳಿದ್ದೀಯ. ಎಂಟು ತಿಂಗಳಿಂದ ಕವಿತಾ ನಿನ್ನ ಒಂದು ಪತ್ರಕ್ಕೂ ಯಾಕೆ ಉತ್ತರ ಬರೆದಿಲ್ಲ? ಆ ಚೀಟಿ ಬರೆದವರು ಯಾರೆಂದು ಏನಾದರೂ ಗೊತ್ತಾಯಿತೇ? ಎರಡನ್ನೂ ಬರೆಯುತ್ತೇನೆ. ಆದರೆ ಅದಕ್ಕೆ ಮೊದಲು ಹೇಳಬೇಕಾದದ್ದು ಒಂದಿದೆ. ಅದನ್ನು ಸುತ್ತಿ ಬಳಸಿ ಹೇಳಿದರೆ ನೀನು ನನ್ನನ್ನು ಕ್ಷಮಿಸುವುದಿಲ್ಲ.

ಕಳೆದ ಗುರುವಾರ ಕವಿತಾಳ ಮದುವೆಯಾಯಿತು. ಹಟ್ಟಿಕೇರಿಯಲ್ಲಿ, ಅವಳ ಮನೆಯ ಅಂಗಳದಲ್ಲೇ. ಗಂಡಿನ ಹೆಸರು ದೇವಾನಂದ, ಊರು ಸಾಣಿಕಟ್ಟೆ, ಉಪ್ಪಿನ ಆಗರದಲ್ಲಿ ಕೂಲಿ. ವಯಸ್ಸು ನಲವತ್ತಕ್ಕೆ ಹತ್ತಿರ. ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತಂತೆ, ಐದು ವರ್ಷದ ಮಗಳೊಬ್ಬಳು ಇದ್ದಾಳೆ. ಆ ಮನುಷ್ಯ ಕೆಟ್ಟವನೆಂದು ನಾನು ಹೇಳಲಾರೆ. ಊಟಕ್ಕೆ ಕೂತಾಗ ಮಗಳಿಗೆ ತಾನೇ ಕಲಸಿ ತಿನ್ನಿಸುತ್ತಿದ್ದ. ಆದರೆ ಕವಿತಾಳಿಗೆ ಇಪ್ಪತ್ತೆರಡು, ಮನು. ಕಳೆದ ವರ್ಷ ಇದೇ ಹೊತ್ತಿಗೆ ಅವಳಿಗೆ ಗೊತ್ತುಮಾಡಿದ್ದ ಹುಡುಗ ಯಾರು, ಅವನು ಸೈಕಲ್ ತುಳಿದುಕೊಂಡು ನಮ್ಮ ರಿಹರ್ಸಲ್ ಕೇಳಲು ಬಂದು ಗೇಟಿನ ಹೊರಗೇ ನಿಲ್ಲುತ್ತಿದ್ದದ್ದು, ನೀನು ಅವನಿಗೆ ಬೇಕೆಂದೇ ಉಪ್ಪು ಹಾಕಿದ ಚಾ ಕೊಟ್ಟದ್ದು ಎಲ್ಲ ನಿನಗೆ ನೆನಪಿರಬೇಕು. ಆ ಸಂಬಂಧ ಬೊಬ್ರುವಾಡದ ಕಾರ್ಯಕ್ರಮ ಮುಗಿದ ನಾಲ್ಕನೇ ದಿನಕ್ಕೆ ಮುರಿಯಿತು, ಆಮೇಲೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಕಡೆಗೆ ಬಂದವನು ಇವನು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಸಹಿಸು. ನಾನು ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ಕೊನೆಯದನ್ನು ಹೇಳಬಲ್ಲೆ. ನಮ್ಮ 'ಸೀ ಬ್ರೀಝ್' ಗ್ರೂಪಿನಲ್ಲಿ ನಾಲ್ಕು ದನಿ. ನಾನು, ವಿಕಾಸ, ನೀನು, ಕವಿತಾ. ಹಾಡು ಸಮಪಾಲು, ಕುಣಿತ ಸಮಪಾಲು. ಸೀಡಿ ಬಂದು ಕೇಬಲ್ಲಿನವರು ದಿನಾ ಸಂಜೆ ಹಾಕಲಿಕ್ಕೆ ಶುರು ಮಾಡಿದ ಮೇಲೆ ಕಾರವಾರ-ಅಂಕೋಲೆಯ ಜನ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುವಷ್ಟಾದೆವು. ಕಾರ್ಯಕ್ರಮದಲ್ಲಿ ಬಿಸ್ಕತ್ತಿನ ಡಬ್ಬಿ ಇಡುತ್ತಿದ್ದೆವಲ್ಲ, ಜನ ಅದರೊಳಗೆ ಚೀಟಿ ಹಾಕುವುದು, ನಿರೂಪಕನಾದ ನಾನು ಅದನ್ನು ಮೈಕಿನಲ್ಲಿ ಓದುವುದು. ನನಗೂ ವಿಕಾಸನಿಗೂ ಬರುತ್ತಿದ್ದ ಚೀಟಿ ನೆನಪಿದೆಯಲ್ಲ ನಿನಗೆ. ರಾಮ-ಲಕ್ಷ್ಮಣ ಎಂದವರೆಷ್ಟು, ಕಣ್ಣು ತಾಗೀತು ಎಂದು ಉಪ್ಪು-ಮೆಣಸಿನ ಪೊಟ್ಟಣ ಕಟ್ಟಿ ಕಳಿಸಿದ ಅಜ್ಜಿಯರೆಷ್ಟು! ಒಮ್ಮೆ ಕೋಡಿಬಾಗದಲ್ಲಿ ಯಾರೋ ಒಬ್ಬ ಹೆಂಗಸು ಬರೆದಿದ್ದಳು: 'ಸತೀಶ, ವಿಕಾಸ, ನಿಮ್ಮಿಬ್ಬರಿಗೆ ಮದುವೆ ಯಾಕೆ? ಒಂದೇ ಮನೆ ಮಾಡಿಕೊಂಡು ಇದ್ದುಬಿಡಿ, ಅನ್ನ-ಸಾರು ನಾವು ಕಳಿಸುತ್ತೇವೆ.' ನಾನು ಓದಿ ಮುಗಿಸುವ ಮೊದಲೇ ಜನ ಸಿಳ್ಳೆ ಹೊಡೆದರು. ವಿಕಾಸ ನನ್ನನ್ನು ಎತ್ತಿಕೊಂಡು ಸ್ಟೇಜಿನ ತುಂಬ ಒಂದು ಸುತ್ತು ಓಡಿದ, ನಾನು ಅವನ ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಬಾಬಾ ಕೂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಾನು ವಿಕಾಸನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಫೋಟೋವನ್ನೇ ಪೋಸ್ಟರ್ ಮಾಡಿದರು, ಅದು ಈಗಲೂ ಬಸ್ ಸ್ಟ್ಯಾಂಡಿನ ಹತ್ತಿರ ವಿಕಾಸನ ಝೆರಾಕ್ಸ್ ಅಂಗಡಿಯಲ್ಲಿ ನೇತಾಡುತ್ತಿದೆ.

ನಿಮಗೆ ಬರುತ್ತಿದ್ದ ಚೀಟಿಗಳೇ ಬೇರೆ. ಎಷ್ಟೋ ಚೀಟಿಯನ್ನು ನಿಮಗೆ ತೋರಿಸದೆ ಹರಿದು ಹಾಕಿದ್ದೇನೆ. ನಿಮ್ಮಿಬ್ಬರಲ್ಲಿ ಯಾರು ಚಂದ, ಯಾರಿಗೆ ಹೆಚ್ಚು ಹಾಡು, ಒಳಗೆ ಎಷ್ಟು ಕಿತ್ತಾಡುತ್ತೀರಿ, ಸ್ಟೇಜಿನ ಮೇಲೆ ಕೈ ಹಿಡಿದದ್ದು ಬರೀ ನಾಟಕವೇ, ಇವೇ ಪ್ರಶ್ನೆ. ವಿಕಾಸನಿಗೆ ಗಂಟಲು ಕಟ್ಟಿದ ದಿನ ಅವನ ಹಾಡನ್ನೂ ನಾನೇ ಹಾಡಿದೆ, ಗೆಳೆಯನ ಮಾನ ಉಳಿಸಿದ ಎಂದು ಶಾಲು ಹೊದೆಸಿದರು. ಅದೇ ತಿಂಗಳು ಕವಿತಾಳಿಗೆ ಜ್ವರ ಬಂದು ಅವಳ ಚರಣವನ್ನು ನೀನು ಹಾಡಿದೆ. ಅವಳೇ ಕೈ ಮುಗಿದು ಕೇಳಿಕೊಂಡಿದ್ದಳು, ನಾನಿದ್ದೆ ಅಲ್ಲಿ. ಮರುದಿನ ಅಂಕೋಲೆಯ ಪೇಟೆಯಲ್ಲಿ ಮಾತು ಏನು? ಬ್ಯಾಂಕಿನ ದೇವಿದಾಸ ಕ್ಲಾರ್ಕರ ಮಗಳು ಬಡವರ ಹುಡುಗಿಯ ಹಾಡು ಕಸಿದುಕೊಂಡಳು! ನೀವು ಅದಕ್ಕೂ ನಕ್ಕಿರಿ. ಬೀಚಿನಲ್ಲಿ ಒಂದೇ ಶಾಲು ಹೊದ್ದು ತೆಗೆಸಿಕೊಂಡ ನಿಮ್ಮ ಫೋಟೋವನ್ನು ಸ್ಟುಡಿಯೋದವನು ಹೊರಗೆ ತೂಗುಹಾಕಿ ಎರಡೇ ದಿನಕ್ಕೆ ತೆಗೆದ, ಹೋಗಿ ಬರುವವರು ಏನೇನೋ ಅನ್ನುತ್ತಾರೆ ಎಂದ. ಒಂದೋ ನೀವು ಒಳಗೊಳಗೆ ಶತ್ರುಗಳಾಗಿರಬೇಕಿತ್ತು, ಅಲ್ಲವಾದರೆ ಏನೋ ಹೊಲಸು ಇರಬೇಕಿತ್ತು. ಸುಮ್ಮನೆ ಜೀವದ ಗೆಳತಿಯರು ಅನ್ನುವ ಮೂರನೆಯದೊಂದು ಜನರ ತಲೆಗೆ ಹೋಗಲೇ ಇಲ್ಲ. ಇದೆಲ್ಲ ಈಗ ನನಗೆ ಹೊಳೆದ ಬುದ್ಧಿ. ಆಗ ನಾನು ಶಾಲು ಹೊದೆಸಿಕೊಂಡು ಖುಷಿಯಾಗಿದ್ದೆ.

ಬೊಬ್ರುವಾಡಕ್ಕೆ ನಾವು ಹೋದದ್ದು ಚೌತಿಯ ಐದನೇ ದಿನ. ಮಧ್ಯಾಹ್ನ ಹೊಡೆದ ಮಳೆಗೆ ಪೆಂಡಾಲಿನ ಕುರ್ಚಿಗಳೆಲ್ಲ ಒದ್ದೆ, ಜನರೇಟರ್ ಎರಡು ಸಲ ನಿಂತಿತು. ಸಂಜೆ ಏಳೂವರೆಯಾದರೂ ಜನ ಕೈ ಕಟ್ಟಿ ಕೂತಿದ್ದರು, ಚಪ್ಪಾಳೆ ಇಲ್ಲ, ಡಬ್ಬಿಯಲ್ಲಿ ಚೀಟಿಯೂ ಇಲ್ಲ ಎನ್ನುವಷ್ಟು ಕಡಿಮೆ. ನೀವಿಬ್ಬರೂ ಆರನೆಯ ಹಾಡು ಮುಗಿಸಿ ಬೆವರೊರೆಸಿಕೊಳ್ಳುತ್ತಿದ್ದಿರಿ, ಕವಿತಾ ನಿನ್ನ ಜಡೆಯಲ್ಲಿ ಜಾರಿದ ಅಬ್ಬಲಿಗೆ ಹೂವನ್ನು ಸರಿಮಾಡುತ್ತಿದ್ದಳು. ಆಗ ನಾನು ಆ ಚೀಟಿ ಓದಿದೆ. 'ಮನಿಷಾ, ಕವಿತಾ, ನಿಮ್ಮಿಬ್ಬರಿಗೆ ಮದುವೆ ಯಾಕೆ? ಒಂದೇ ಮನೆ ಮಾಡಿಕೊಂಡು ಇದ್ದುಬಿಡಿ, ಅನ್ನ-ಸಾರು ನಾವು ಕಳಿಸುತ್ತೇವೆ.' ಅವೇ ಮಾತು, ಹೆಸರು ಮಾತ್ರ ಬೇರೆ. ನಾನು ನಗುವಿಗಾಗಿ ಕಾದೆ. ನೀನು ನಕ್ಕೆ, ಕವಿತಾ ನಕ್ಕು ನಿನ್ನ ಹೆಗಲ ಮೇಲೆ ಕೈ ಹಾಕಿದಳು, ನಾವು ಮಾಡುತ್ತಿದ್ದ ಹಾಗೆಯೇ. ಕೆಳಗೆ ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಸಿಳ್ಳೆ ಹೊಡೆದ, ಅದು ನಮಗೆ ಹೊಡೆಯುತ್ತಿದ್ದ ಸಿಳ್ಳೆಯಲ್ಲ. ಇನ್ನೊಬ್ಬ ಕೂಗಿದ ಮಾತನ್ನು ನಾನು ಈ ಕಾಗದದಲ್ಲಿ ಬರೆಯುವುದಿಲ್ಲ. ಎರಡನೇ ಸಾಲಿನಲ್ಲಿದ್ದ ಹೆಂಗಸರು ಮಕ್ಕಳ ಕೈ ಹಿಡಿದು ಎದ್ದರು. ಕವಿತಾಳ ಭಾವೀ ಅತ್ತೆ ಆ ಸಾಲಿನಲ್ಲೇ ಇದ್ದರು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಆಮೇಲಿನದನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಹುಡುಗಾಟಕ್ಕೆ ಯಾರೋ ಬರೆದದ್ದು ಎಂದು ಒಬ್ಬರೂ ಅನ್ನಲಿಲ್ಲ; ಕಣ್ಣಾರೆ ಕಂಡವರೇ ಬರೆದದ್ದು ಎಂದರು. ರಿಹರ್ಸಲ್ ಇದ್ದ ದಿನ ಕವಿತಾ ನಮ್ಮಲ್ಲೇ ಉಳಿದು ನಿನ್ನ ಚಾಪೆಯಲ್ಲಿ ಮಲಗುತ್ತಿದ್ದಳು ಅನ್ನುವುದು ಹೊರಗೆ ಬಂತು. ಇಬ್ಬರ ತಲೆಗೂ ಎಣ್ಣೆ ಹಚ್ಚಿ ಬಾಚಿದ ನಮ್ಮ ಆಯಿಯೇ, ಹೆಣ್ಣುಮಕ್ಕಳು ಅಷ್ಟೊಂದು ಹಚ್ಚಿಕೊಳ್ಳಬಾರದಿತ್ತು ಎಂದಳು. ವಿಕಾಸ ಆರು ವರ್ಷದಿಂದ ನನ್ನ ಹಾಸಿಗೆಯಲ್ಲಿ ಕಾಲು ಚಾಚಿ ಮಲಗುತ್ತಾನಲ್ಲ, ಅದನ್ನು ಯಾರೂ ಎತ್ತಲಿಲ್ಲ. ಬ್ಯಾಂಕಿನಲ್ಲಿ ಯಾರೋ ನಕ್ಕರೆಂದು ಬಾಬಾ ಮೂರು ದಿನ ರಜೆ ಹಾಕಿದರು, ನಾಲ್ಕನೇ ದಿನ 'ಪುರೋ ಆತಾಂ', ಸಾಕು ಇನ್ನು, ಎಂದು ಒಂದೇ ಮಾತಿನಲ್ಲಿ ಎಲ್ಲ ಮುಗಿಸಿ ನಿನಗೆ ರೈಲಿನ ಟಿಕೆಟ್ ತಂದರು. ನಿನಗೆ ಹೋಗಲಿಕ್ಕೆ ಒಬ್ಬ ಮಾವಶಿಯಾದರೂ ಇದ್ದಳು. ಕವಿತಾಳಿಗೆ ಹಟ್ಟಿಕೇರಿ ಬಿಟ್ಟರೆ ಊರಿಲ್ಲ. ಗದ್ದೆಗೆ ಹೋದರೆ ಅಲ್ಲಿ ಮಾತು, ಬಾವಿಗೆ ಹೋದರೆ ಅಲ್ಲಿ ಮಾತು. ಅವಳ ಅಣ್ಣ ಮಂಜುನಾಥ ಅವಳ ಹಾಡಿನ ಪುಸ್ತಕ ಬಚ್ಚಲೊಲೆಗೆ ಹಾಕಿದನಂತೆ. ನೀವಿಬ್ಬರೂ ಒಬ್ಬರಿಗೊಬ್ಬರು ಏನಾಗಿದ್ದಿರೋ ನನಗೆ ಗೊತ್ತಿಲ್ಲ ಮನು, ಗೊತ್ತಾಗಬೇಕಾಗಿಯೂ ಇಲ್ಲ. ನಾನೂ ವಿಕಾಸನೂ ಏನು ಎಂದು ನಮ್ಮನ್ನು ಯಾರೂ ಕೇಳಲಿಲ್ಲವಲ್ಲ.

ಮದುವೆಗೆ ನನ್ನನ್ನು ಯಾರು ಕರೆದರು ಅಂತ ನಿನಗೆ ಆಶ್ಚರ್ಯವಾಗಬಹುದು. ವಿಕಾಸನಿಗೆ ಮಂಜುನಾಥನೇ ಫೋನ್ ಮಾಡಿದ, ಚಪ್ಪರದಲ್ಲಿ ಎರಡು ಹಾಡು ಹಾಡಿ, ನೆಂಟರು ಆಸೆಪಡುತ್ತಾರೆ ಎಂದನಂತೆ. ಸತೀಶನನ್ನೂ ಕರೆದುಕೊಂಡು ಬಾ, ಜೋಡಿ ಇಲ್ಲದಿದ್ದರೆ ಚಂದವಿಲ್ಲ ಎಂದನಂತೆ! ನಾನು ಹೆದರಿಕೊಂಡೇ ಹೋದೆ. ಕವಿತಾಳ ಅಪ್ಪ ತಿಮ್ಮು ನನ್ನನ್ನು ಅಂಗಳದಲ್ಲಿ ಕೂರಿಸಿ ಇಶಾಡ ಮಾವಿನ ಹಣ್ಣು ಕುಯ್ದು ಕೊಟ್ಟ. 'ನೀ ಬರೀ ಓದ್ದವಾ ತಮಾ, ನಿನ್ನ ತಪ್ಪೆಂತದೂ ಇಲ್ಲಾ. ಬರ್ಸದವ್ರು ಯಾರು ಅಂತ ನಮ್ಗೆ ಗೊತ್ತದೆ' ಎಂದ. ಯಾರು ಎಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ಹುಡುಗರು ಮೈಕು ತಂದರು. ನಾವು ಹಾಡಿದೆವು ಮನು. ಅದೇ ಹಾಡು, ಅದೇ ಕುಣಿತ, ವಿಕಾಸ ನನ್ನ ಕುತ್ತಿಗೆಗೆ ಕೈ ಹಾಕಿದ, ಜನ ಸಿಳ್ಳೆ ಹೊಡೆದರು. ಗೆಳೆತನ ಅಂದರೆ ಹೀಗಿರಬೇಕು ಎಂದು ಒಬ್ಬ ಮುದುಕ ಎದ್ದು ಬಂದು ನಮ್ಮಿಬ್ಬರ ತಲೆ ಸವರಿದ. ಕವಿತಾ ಬಾಸಿಂಗ ಕಟ್ಟಿಕೊಂಡು ಎದುರಿಗೇ ಕೂತಿದ್ದಳು. ಆ ಹಾಡಿನ ಎರಡನೇ ಚರಣ ನೀವಿಬ್ಬರೂ ಹಾಡುತ್ತಿದ್ದದ್ದು. ಈಗ ಅಲ್ಲಿ ವಿಕಾಸ ಬರೀ ಕೀಬೋರ್ಡ್ ನುಡಿಸುತ್ತಾನೆ. ಅಷ್ಟು ಹೊತ್ತೂ ಅವಳ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ.

ಊಟಕ್ಕೆ ಏಳುವ ಗಡಿಬಿಡಿಯಲ್ಲಿ ಅವಳು ನನ್ನನ್ನು ಸನ್ನೆ ಮಾಡಿ ಕರೆದಳು. ಪಕ್ಕದಲ್ಲಿ ಅವಳ ಅವ್ವಿ ಮಾದಿ ನಿಂತಿದ್ದಳು, ಮುಖ ತಿರುಗಿಸಿಕೊಂಡು. ಕವಿತಾ ಕೇಳಿದಳು: 'ದಾದಾ, ಮನಿಷಾ ಎಂತಕೆ ಹಾಂಗೆ ಬರ್ಸ್ತು? ಹಾಡೆಲ್ಲಾ ಅದ್ಕೇ ಬೇಕು ಅಂದಿದ್ರೆ ನಾ ಕೊಡ್ತಿದ್ದೆ.' ಇದೇ ನಿನ್ನ ಮೊದಲ ಪ್ರಶ್ನೆಗೆ ಉತ್ತರ. ಆ ಚೀಟಿ ನೀನೇ ಬರೆಸಿದ್ದು ಎಂದು ಅವಳ ಮನೆಯವರು ಮೊದಲ ವಾರದಿಂದಲೇ ಹೇಳಿಕೊಂಡು ಬಂದಿದ್ದಾರೆ. ಅವಳಿಗೆ ಗಂಡು ಗೊತ್ತಾದ ಹೊಟ್ಟೆಕಿಚ್ಚು ನಿನಗೆ, ಅವಳು ಹೋದರೆ ಗ್ರೂಪಿನಲ್ಲಿ ನೀನೊಬ್ಬಳೇ ರಾಣಿ. ಎರಡು ವರ್ಷ ಊರೆಲ್ಲ ನಿಮ್ಮನ್ನು ಕಿತ್ತಾಡಿಸಿ ನೋಡಿದ್ದರಲ್ಲ, ಇದನ್ನು ನಂಬಲಿಕ್ಕೆ ಯಾರಿಗೂ ಕಷ್ಟವಾಗಲಿಲ್ಲ. ಅವಳಿಗೆ ಕಷ್ಟವಾಗಿತ್ತು, ಅದು ನನಗೆ ಗೊತ್ತು. ಚಳಿಗಾಲದವರೆಗೂ ನಂಬಿರಲಿಲ್ಲವಂತೆ. ನಿನ್ನಿಂದ ಒಂದು ಕಾಗದವೂ ಬರಲಿಲ್ಲ, ಆಮೇಲೆ ನಂಬಿದೆ ಎಂದಳು. ನಿನ್ನ ಕಾಗದಗಳು ಎಲ್ಲಿ ಹೋದವು ಎಂದು ನಾನು ಆ ಒಲೆಯನ್ನು ನೆನೆದು ಊಹಿಸಿದೆ. ಅವಳಿಗೆ ನಾನು ಏನು ಹೇಳಿದೆ ಎಂದು ಕೇಳುತ್ತೀಯ. ವಾಲಗದವರು ಜೋರಾಗಿ ಬಾರಿಸುತ್ತಿದ್ದರು, ದಿಬ್ಬಣದ ಟೆಂಪೋ ಹಾರ್ನ್ ಹಾಕುತ್ತಿತ್ತು. ನಾನು ತಿರುಗಿ ಊಟದ ಪಂಕ್ತಿಗೆ ಹೋಗಿ ಕೂತೆ.

ಇನ್ನು ಹೆಚ್ಚು ಬರೆಯಲಾರೆ, ನಾಲ್ಕು ಗಂಟೆಗೆ ಪೋಸ್ಟಿನ ಡಬ್ಬಿ ಖಾಲಿ ಮಾಡುತ್ತಾರೆ. ಬಿಸಿಲಿಗೆ ಹೊರಗೆ ಅಲೆಯಬೇಡ. ಮಾವಶಿಗೆ ನನ್ನ ನಮಸ್ಕಾರ. ಆಯಿ ನಿನಗೆ ಆಶೀರ್ವಾದ ಹೇಳು ಅಂತ ಹೇಳಿಲ್ಲ, ಹೇಳಿದಳು ಎಂದು ತಿಳಿದುಕೋ. ಆ ಮೀನಿನ ತಲೆ ನನಗೆ ಬಡಿಸಿದ ಮೇಲೆ ತಾನು ಊಟ ಮಾಡದೆ ಎದ್ದಳು. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ದಾದಾ,
ಸತೀಶ

ತಾ.ಕ.: ಎರಡನೇ ಪ್ರಶ್ನೆ ಉಳಿಯಿತು. ಬೇಕೆಂದೇ ಉಳಿಸಿದ್ದೆ, ಬರೆಯದೆ ಲಕೋಟೆ ಅಂಟಿಸಿಬಿಡಬಹುದು ಅಂದುಕೊಂಡಿದ್ದೆ. ಡಬ್ಬಿಯಲ್ಲಿ ಚೀಟಿ ಕಡಿಮೆಯಾದರೆ ನಿರೂಪಕರು ತಾವೇ ನಾಲ್ಕು ಬರೆದು ಕಿಸೆಯಲ್ಲಿಟ್ಟುಕೊಳ್ಳುವುದುಂಟು, ಎಡಗೈಯಲ್ಲಿ ಬರೆದರೆ ಅಕ್ಷರ ಬೇರೆ ಕಾಣುತ್ತದೆ. ಹಾಡುವವರಿಗೆ ಇದನ್ನು ಹೇಳುವುದಿಲ್ಲ. ಬೊಬ್ರುವಾಡದ ಚೀಟಿ ಬರೆದವನು ನಾನು. ಕೋಡಿಬಾಗದಲ್ಲಿ ನಮಗೆ ಅಷ್ಟು ನಗು ತಂದ ಮಾತು ನಿಮಗೂ ತರುತ್ತದೆ ಅಂದುಕೊಂಡೆ, ದೇವರಾಣೆ ಅಷ್ಟೇ. ಬರೆಯುವಾಗ ವಿಕಾಸ ಪಕ್ಕದಲ್ಲಿದ್ದ, ಇವತ್ತಿನ ತನಕ ಬಾಯಿ ಬಿಟ್ಟಿಲ್ಲ. ಇದನ್ನೇ ಜನ ಗೆಳೆತನ ಅಂತ ತಲೆ ಸವರುತ್ತಾರೆ. ಚೀಟಿ ಕಳೆದುಹೋಯಿತು ಎಂದು ಎಲ್ಲರಿಗೂ ಹೇಳಿದ್ದೆ. ಕಳೆದಿಲ್ಲ, ಇದರೊಳಗೆ ಇಟ್ಟಿದ್ದೇನೆ. ಅವಸರದಲ್ಲಿ ಆ ದಿನದ ಹಾಡಿನ ಪಟ್ಟಿಯನ್ನೇ ಹರಿದು ಬರೆದಿದ್ದೆ. ತಿರುಗಿಸಿ ನೋಡು, ಏಳರಿಂದ ಹನ್ನೆರಡರ ತನಕ ನನ್ನ ಬಲಗೈ ಅಕ್ಷರವಿದೆ, ಕವಿತಾಳ ಹಾಡಿಗೆ ನಾನು ಯಾವಾಗಲೂ ಹಾಕುವ ಸುತ್ತು ಇದೆ. ಅವಳು ನೋಡಿದ ಕೂಡಲೇ ಗುರುತು ಹಿಡಿಯುತ್ತಾಳೆ. ಅವಳಿಗೆ ಕಳಿಸು: ದೇವಾನಂದನ ಮನೆ, ಆಗರದ ಹತ್ತಿರ, ಸಾಣಿಕಟ್ಟೆ. ಅಲ್ಲಿ ಕಾಗದವನ್ನು ಒಲೆಗೆ ಹಾಕುವ ಮಂಜುನಾಥ ಇಲ್ಲ. ನಾನೇ ಕೊಡಬೇಕಿತ್ತು. ಗುರುವಾರ ಇದು ನನ್ನ ಕಿಸೆಯಲ್ಲೇ ಇತ್ತು. ಹಾಡಿದೆ, ಊಟ ಮಾಡಿದೆ, ಬಂದೆ.